ಖಾನೆಯ ತಳದಲ್ಲಿ ಬಿಟ್ಟ ಬೀಜ

ಪಾಮನಕಲ್ಲೂರಿನ ಗದ್ದೆಪ್ಪನೆಂದರೆ ಹಗೇವಿಗೆ ಇಳಿಯುವ ಗದ್ದೆಪ್ಪ. ನೆಲ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚಿದ ಹಗೇವುಗಳು ಆ ಕಾಲದಲ್ಲಿ ಊರ ತುಂಬ ಇದ್ದವು. ತುಂಬುವುದಕ್ಕೆ ಹತ್ತು ಜನ ಬರುತ್ತಿದ್ದರು, ತೆಗೆಯುವುದಕ್ಕೆ ಮಾತ್ರ ಗದ್ದೆಪ್ಪನನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟದ್ದು. ಅವಸರಪಟ್ಟು ಇಳಿದವನು ಹೆಣವಾಗಿ ಮೇಲೆ ಬಂದದ್ದೂ ಉಂಟು. ಗದ್ದೆಪ್ಪ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿತೋ, ಎಂಥ ಗೌಡ ಮೇಲೆ ನಿಂತು ಗದರಿದರೂ ಒಳಗೆ ಕಾಲಿಡುತ್ತಿರಲಿಲ್ಲ. ದೀಪ ಉರಿಯಿತೋ, ಇಳಿದು, ಬಾಚಿ ಬಾಚಿ ಬುಟ್ಟಿ ತುಂಬಿಸಿ ಕಳಿಸಿ, ತಳ ಕಂಡಾಗ ಒಂದು ಹಿಡಿ ಜೋಳವನ್ನು ಅಲ್ಲೇ ಬಿಟ್ಟು ಮೇಲೆ ಬರುತ್ತಿದ್ದ. "ಮುಗೀತ್ರಿ" ಎನ್ನುತ್ತಿದ್ದ. ಆ ಒಂದು ಹಿಡಿ ಗೌಡರ ಲೆಕ್ಕದಲ್ಲೂ ಇಲ್ಲ, ಗದ್ದೆಪ್ಪನ ಲೆಕ್ಕದಲ್ಲೂ ಇಲ್ಲ. ಅದು ಬೀಜ. ತಳ ಬರಿದಾದ ಹಗೇವಿಗೆ ಮತ್ತೆ ಕಾಳು ಬರುವುದಿಲ್ಲವೆಂಬುದು ಆ ಸೀಮೆಯ ನಂಬಿಕೆ.

ಗದ್ದೆಪ್ಪನ ಹೆಂಡತಿ ಪಕೀರಮ್ಮ. ಅವಳು ಮದುವೆಗೆ ಮೊದಲೇ, ಎಡದಂಡೆ ಕಾಲುವೆ ತೋಡುವ ಕಾಲಕ್ಕೆ, ಮಣ್ಣು ಹೊತ್ತವಳು. ಹೊತ್ತ ಬುಟ್ಟಿಗೊಂದರಂತೆ ಮೇಸ್ತ್ರಿ ಹುಣಸೆಬೀಜ ಕೊಡುತ್ತಿದ್ದ, ಅವಳು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಸಂಜೆಗೆ ಬೀಜ ಎಣಿಸಿ ಕೂಲಿ. ಒಮ್ಮೆ ಮೈ ಕಾದು ಕೆಂಡವಾಗಿ, ಮಧ್ಯಾಹ್ನಕ್ಕೇ ಕುಸಿದು ಕುಳಿತಳು. ಮೇಸ್ತ್ರಿ ಒಳ್ಳೆಯವನು. ಪಾಪವೆನಿಸಿ ಇನ್ನೊಂದಷ್ಟು ಬೀಜ ಅವಳ ಸೆರಗಿಗೆ ಸುರಿಯಲು ಬಂದ. ಪಕೀರಮ್ಮ ಸೆರಗು ಹಿಂದಕ್ಕೆ ಎಳೆದುಕೊಂಡು, "ಹೊತ್ತಷ್ಟ ಹಾಕ್ರಿ" ಎಂದಳಂತೆ. ಆ ಮನೆತನದಲ್ಲಿ ಬಂಗಾರ ಬೆಳ್ಳಿ ಬಳುವಳಿಯಾಗಿ ಬರಲಿಲ್ಲ, ಈ ಮಾತು ಬಂತು.

ಅವರ ಮಗ ದುರುಗೇಶ. ಮೂಟೆ ಹೊರಲೆಂದು ಮಸ್ಕಿಗೆ ಬಂದವನು ಚನ್ನವೀರ ಸಾಹುಕಾರರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ನಿಂತ. ಇಳಿಸುವವನಿದ್ದವನು ಜೋಡಿಸುವವನಾದ, ಜೋಡಿಸುವವನು ಕೊಡುವವನಾದ. ಕೊನೆಗೊಂದು ದಿನ ಸಾಹುಕಾರರು ಅಂಗಡಿಯ ಚಾವಿ ಗೊಂಚಲನ್ನೇ ಅವನ ಕೈಗಿಟ್ಟರು. ಗದ್ದೆಪ್ಪನ ಕುಲದಲ್ಲಿ ಇನ್ನೊಬ್ಬರ ಮಾಲಿನ ಚಾವಿ ಕೈಗೆ ಬಂದದ್ದು ಅವನಿಗೇ ಮೊದಲು. ಅಂದಿನಿಂದ ಅದನ್ನು ಉಡಿದಾರಕ್ಕೆ ಕಟ್ಟಿಕೊಂಡ ದುರುಗೇಶ ಮದುವೆಮನೆಗೆ ಹೋದರೂ, ಮಣ್ಣಿಗೆ ಹೋದರೂ ಬಿಚ್ಚಿದವನಲ್ಲ. ಅವನು ನಡೆದು ಬಂದರೆ ದೂರದಿಂದಲೇ ಚಾವಿಯ ಸಪ್ಪಳ ಕೇಳುತ್ತಿತ್ತು.

ಈ ದುರುಗೇಶನ ಮಗಳು ಪದ್ಮಾವತಿ. ಈ ಕಥೆ ಅವಳದು.

ಪದ್ಮಾವತಿ ಮಸ್ಕಿಯಿಂದ ದಿನಾಲು ಬಸ್ಸಿಗೆ ಜೋತುಬಿದ್ದು ಸಿಂಧನೂರಿಗೆ ಹೋಗಿ ಬಿ.ಕಾಂ. ಓದಿದಳು. ಮದುವೆಯಾದ ಗಂಡ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸದವನು. ಇವಳು ಸಿಂಧನೂರಿನಲ್ಲಿ ಸಾಹುಕಾರರ ದೊಡ್ಡ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಳು. ಸಾಹುಕಾರರಿಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಅಂಗಡಿ. ಟ್ರ್ಯಾಕ್ಟರಿನ, ಭತ್ತ ಕೊಯ್ಯುವ ಮಷಿನ್ನಿನ ಬಿಡಿ ಸಾಮಾನು ಬೇಕೆಂದರೆ ಸುತ್ತಲಿನವರು ಅಲ್ಲಿಗೇ ಬರಬೇಕು. ಸಾಹುಕಾರರಿಗೆ ಮೊಣಕಾಲು ಹಿಡಿದ ಮೇಲೆ ವ್ಯವಹಾರವೆಲ್ಲ ಸೊಸೆ ಶೈಲಜಾಳ ಕೈಗೆ ಬಂತು. ಬಂದವಳೇ ಕಂಪ್ಯೂಟರಿನಲ್ಲಿ ಮಾಲಿನ ಸಾಫ್ಟ್‌ವೇರ್ ಹಾಕಿಸಿದಳು. ಯಾವ ಊರಿನ ಅಂಗಡಿಯಲ್ಲಿ ಏನಿದೆ, ಎಷ್ಟಿದೆ ಎಂಬುದು ಕೂತಲ್ಲೇ ಕಾಣಬೇಕೆಂಬುದು ಅವಳ ಆಸೆ.

ಕಾಣುತ್ತಿತ್ತು, ನಿಜ. ಆದರೆ ಕಂಡದ್ದು ಇರುತ್ತಿರಲಿಲ್ಲ.

ಹೋದ ಸುಗ್ಗಿಯಲ್ಲಿ ಆದದ್ದನ್ನು ಪದ್ಮಾವತಿ ಮರೆಯುವಂತಿಲ್ಲ. ದೀಪಾವಳಿ ಕಳೆದು ಭತ್ತ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಮುಕ್ಕುಂದದ ಜಂಬಣ್ಣನ ಗದ್ದೆಯಲ್ಲಿ ಕೊಯ್ಯುವ ಮಷಿನ್ನಿನ ಬೆಲ್ಟ್ ಹರಿಯಿತು. ಮೋಡ ಕವಿಯುತ್ತಿದೆ, ಜಂಬಣ್ಣ ಹರಿದ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಿದ್ದಾನೆ. ಸಿಂಧನೂರಿನಲ್ಲಿ ಆ ಅಳತೆಯ ಬೆಲ್ಟ್ ಇಲ್ಲ. ಮಸ್ಕಿಯಲ್ಲಿ ಒಂದಿದೆ ಎನ್ನುತ್ತದೆ ಕಂಪ್ಯೂಟರ್. ಪದ್ಮಾವತಿ ಅಪ್ಪನಿಗೆ ಫೋನ್ ಹಚ್ಚಿದಳು.

"ಯಪ್ಪಾ, ಕೊಯ್ಯೂ ಮಷಿನ್ನಿನ ದೊಡ್ಡ ಬೆಲ್ಟ್ ಐತೇನು?"

"ಇಲ್ಲವ್ವಾ, ಮುಗದಾವ."

ರಾಯಚೂರಿನಿಂದ ಬೆಲ್ಟ್ ಬರುವಷ್ಟರಲ್ಲಿ ಮಳೆ ಬಂತು. ಮಲಗಿದ ಭತ್ತ ನೀರಿನಲ್ಲಿ ನೆಂದು ತೆನೆಯಲ್ಲೇ ಮೊಳಕೆಯೊಡೆಯಿತು. ಜಂಬಣ್ಣ ಬಂದು ಜಗಳ ಮಾಡಲಿಲ್ಲ. ಮೊಳಕೆ ಬಂದ ಒಂದು ತೆನೆಯನ್ನು ತಂದು ಮೇಜಿನ ಮೇಲಿಟ್ಟು, "ನಿಮ್ಮ ಕಂಪ್ಯೂಟರಿಗೆ ತೋರಸ್ರಿ" ಎಂದು ಹೇಳಿ ಹೋದ. ಅದಕ್ಕಿಂತ ಬೈದಿದ್ದರೆ ಹಗುರವಿತ್ತು.

ಆ ತೆನೆಯನ್ನು ನೋಡುತ್ತ ಶೈಲಜಾ, "ಪದ್ಮಾ, ವರ್ಷಕ್ಕೊಮ್ಮೆ ಎಣಿಸೂದು ಸಾಕಾತು. ಬ್ಯಾರೆ ದಾರಿ ಏನೈತಿ ನೋಡು" ಎಂದಳು.

ಅಲ್ಲಿಯವರೆಗಿನ ಪದ್ಧತಿ ಹೀಗಿತ್ತು. ದೀಪಾವಳಿಯ ಲಕ್ಷ್ಮೀ ಪೂಜೆಗೆ ಮೊದಲು ಅಂಗಡಿಗಳ ಶಟರ್ ಇಳಿಸಿ, ಸಿಂಧನೂರಿನ ಆಳುಗಳೇ ಊರೂರಿಗೆ ಹೋಗಿ ಎಲ್ಲ ಎಣಿಸುತ್ತಿದ್ದರು. ಮೊದಲ ದಿನ ಹುರುಪು, ಎರಡನೆಯ ದಿನ ಮಂಡಕ್ಕಿ ಮಿರ್ಚಿ, ಮೂರನೆಯ ದಿನ ಸೊಂಟನೋವು. ಕೊನೆಗೆ "ಅಂದಾಜು ಬರಕೋರಿ" ಎಂಬ ಮಾತು. ಎಣಿಸಿದ ಮರುದಿನದಿಂದಲೇ ಆ ಲೆಕ್ಕ ಹಳಸಲು ಶುರು.

ಸಾಫ್ಟ್‌ವೇರಿನ ಒಳಗೇ ಇನ್ನೊಂದು ದಾರಿ ಇರುವುದನ್ನು ಪದ್ಮಾವತಿ ಹುಡುಕಿದಳು. ಎಲ್ಲವನ್ನೂ ಒಮ್ಮೆಗೇ ಎಣಿಸದೆ, ದಿನಕ್ಕೆ ಕೆಲವು ಖಾನೆಗಳಂತೆ ವರ್ಷಪೂರ್ತಿ ಎಣಿಸುತ್ತಲೇ ಇರುವುದು. ಅದರ ಇಂಗ್ಲಿಷ್ ಹೆಸರು ಸೈಕಲ್ ಕೌಂಟಿಂಗ್. ಆ ಹೆಸರು ಹೇಳಿದ ದಿನ, ಕೌಂಟರಿನಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ಗುರುಬಸವ ಬಿದ್ದು ಬಿದ್ದು ನಕ್ಕ.

"ನಾವು ಟ್ರ್ಯಾಕ್ಟರ್ ಸಾಮಾನು ಮಾರೋರವ್ವ. ಸೈಕಲ್ ಎಣಿಸಾಕ ಬಾಜೂ ಅಂಗಡಿಗೆ ಹೋಗು."

"ಬ್ಯಾಡ್ರಿ, ಹೆಸರು ಬಿಡ್ರಿ. ಕಾಲುವಿ ನೀರು ಎಲ್ಲಾರ ಹೊಲಕ್ಕೂ ಒಮ್ಮಿಗೇ ಬಿಡ್ತಾರೇನ್ರಿ?"

"ಎಲ್ಲಿ ಬಿಡ್ತಾರ? ಪಾಳಿ ಪ್ರಕಾರ ಬಿಡ್ತಾರ."

"ಹಂಗ ಇದೂ ಪಾಳಿ. ಇವತ್ತ ಈ ಖಾನೆ ಪಾಳಿ, ನಾಳಿ ಆ ಖಾನೆ ಪಾಳಿ. ಶಟರ್ ಇಳಿಸೂದು ಬ್ಯಾಡ, ಸ್ವಂಟ ಮುರಕೊಳ್ಳೂದು ಬ್ಯಾಡ."

"ದಿನಾ ನಟ್ಟು ಬೋಲ್ಟು ಎಣಿಸಿಕೋತ ಕುಂತ್ರ ನಾ ಮುದುಕ ಆಗಿಬಿಡ್ತೀನಿ."

"ಈಗೇನು ಹುಡುಗ ಅದೀರೇನ್ರಿ?"

ಗುರುಬಸವ ತಲೆಯ ಮೇಲೆ ಕೈಯಾಡಿಸಿಕೊಂಡು ಕೌಂಟರಿಗೆ ತಿರುಗಿದ. ಪಾಳಿ ಎಣಿಕೆ ಎಂಬ ಹೆಸರು ಮಾತ್ರ ಅಂದಿನಿಂದ ನಿಂತಿತು.

ಮಾತಿನಲ್ಲಿ ಹೇಳಿದಷ್ಟು ಸಲೀಸಾಗಿ ಅದು ಕಂಪ್ಯೂಟರಿಗೆ ಇಳಿಯಲಿಲ್ಲ. ಮೂರೂ ಅಂಗಡಿಗಳ ಒಂದೊಂದು ರ‍್ಯಾಕಿಗೂ ಅಕ್ಷರ, ಒಂದೊಂದು ಖಾನೆಗೂ ಅಂಕಿ ಕೊಟ್ಟು, ಚೀಟಿ ಅಂಟಿಸಬೇಕಾಯಿತು. ಯಾವ ಮಾಲನ್ನು ಮೇಲಿಂದ ಮೇಲೆ ಎಣಿಸಬೇಕು, ಯಾವುದನ್ನು ಅಪರೂಪಕ್ಕೆ ಎಣಿಸಿದರೆ ಸಾಕು ಎಂದು ಮೂರು ಪಾಲು ಮಾಡಬೇಕಾಯಿತು. ಸಾಫ್ಟ್‌ವೇರ್ ತನ್ನಷ್ಟಕ್ಕೆ ಬೆಲೆ ನೋಡಿ ಪಾಲು ಮಾಡಿತ್ತು. ದೊಡ್ಡ ಬೆಲೆಯದು ಮುಂದೆ, ಚಿಲ್ಲರೆಯದು ಹಿಂದೆ. ಪದ್ಮಾವತಿ ಅದನ್ನು ಹಾಗೆಯೇ ಒಪ್ಪಿಕೊಳ್ಳುವವಳಿದ್ದಳು. ಆಗ ಗುರುಬಸವನೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಸುಗ್ಗಿಯಲ್ಲಿ ಯಾವುದು ಇಲ್ಲದಿದ್ದರೆ ಮಷಿನ್ ಗದ್ದೆಯಲ್ಲಿ ನಿಂತುಬಿಡುತ್ತದೆಂದು ಒಂದೊಂದಾಗಿ ಹೇಳಿದ. ಬೆಲ್ಟು, ಬ್ಲೇಡು, ಬೇರಿಂಗು ಮುಂದಕ್ಕೆ ಬಂದವು. ಬಾಯಿ ಕೊಂಕಾದರೂ ಅವನ ಬುದ್ಧಿ ನೆಟ್ಟಗಿತ್ತು.

ಮೊದಲ ದಿನದ ಎಣಿಕೆಯೇ ಎಡವಟ್ಟಾಯಿತು, ಅದೂ ಪದ್ಮಾವತಿಯ ಕೈಯಿಂದಲೇ. ಗಿರಾಕಿಗಳು ತುಂಬಿದ ಹೊತ್ತಿನಲ್ಲಿ ಎಣಿಸಲು ಹೋದಳು. ಬಿಲ್ಲಾಗುವ ಮೊದಲೇ ಮಾಲು ಖಾನೆಯಿಂದ ಮೇಜಿಗೆ ಬಂದಿರುತ್ತದೆ, ಅದು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಒಂದೂ ಕಂಪ್ಯೂಟರಿನ ಅಂಕಿಗೆ ಕೂಡಲಿಲ್ಲ. ಹರಿಯುವ ನೀರನ್ನು ಅಳೆಯಲು ಹೋದಂತಾಯಿತು. ಮರುದಿನದಿಂದ ಬೆಳಿಗ್ಗೆ ಕಸ ಹೊಡೆದಾದ ಮೇಲೆ, ಮೊದಲ ಗಿರಾಕಿ ಮೆಟ್ಟಿಲು ಹತ್ತುವುದಕ್ಕೆ ಮುಂಚೆ ಎಣಿಕೆ ಎಂದು ಕಟ್ಟುಪಾಡು ಮಾಡಿದಳು.

ಅದರ ಜೊತೆಗೆ ಇನ್ನೂ ಎರಡು ಕಟ್ಟುಗಳನ್ನು ಕಂಪ್ಯೂಟರಿಗೆ ಹಾಕಿದಳು. ಒಂದು, ಎಣಿಸುವವನಿಗೆ ಎಷ್ಟಿರಬೇಕೆಂಬ ಅಂಕಿ ಕಾಣಬಾರದು. ಕಂಡರೆ ಕಣ್ಣು ಆ ಅಂಕಿಯನ್ನೇ ಹುಡುಕುತ್ತದೆ. ಎರಡು, ಎಣಿಕೆ ಕೂಡದಿದ್ದರೆ ಎರಡನೆಯ ಸಲ ಬೇರೆಯವರು ಎಣಿಸಬೇಕು, ಅವರು ಮೊದಲು ಎಣಿಸಿದವನ ಬಂಧುಬಳಗ ಆಗಿರಬಾರದು. ಇದನ್ನು ಬರೆಯುವಾಗ ಅವಳ ಮನಸ್ಸಿನಲ್ಲಿ ಅಪ್ಪ ಇರಲಿಲ್ಲ. ಒಳ್ಳೆಯ ಕಟ್ಟು ಎಂದಷ್ಟೇ ಅನಿಸಿತ್ತು.

ಸಿಂಧನೂರಿನ ಎಣಿಕೆ ಹಳಿಗೆ ಬಂತು. ಲಿಂಗಸುಗೂರಿನಲ್ಲಿ ಲಾಲ್‌ಸಾಬ್ ಎಂಬ ಹಳೆಯ ತಲೆ ಅಂಗಡಿ ನೋಡಿಕೊಳ್ಳುತ್ತಿದ್ದ. ಅವನದು ಹೆಚ್ಚಿಗೆ ಬಂತು. ಬಂದ ಮಾಲಿನ ಪೆಟ್ಟಿಗೆಯೊಂದನ್ನು ಜಮಾ ಮಾಡುವುದನ್ನೇ ಮರೆತು ಖಾನೆಗೆ ಸುರಿದುಬಿಟ್ಟಿದ್ದ.

"ಕಡಿಮಿ ಬಂದ್ರ ಕಳ್ಳ ಅಂತೀರಿ, ಹೆಚ್ಚು ಬಂದ್ರ ಪೆದ್ದ ಅಂತೀರಿ" ಎಂದ ಲಾಲ್‌ಸಾಬ್ ಫೋನಿನಲ್ಲಿ. "ಎರಡರಾಗ ನಾ ಪೆದ್ದ ಆಗಾಕ ತಯಾರ ಅದೀನಿ ಬೇಟಿ, ಬರಕೋ."

ಮಸ್ಕಿಯ ಎಣಿಕೆ ಆ ವಾರ ಶುರುವಾಯಿತು. ಇಷ್ಟು ವರ್ಷ ಸಿಂಧನೂರಿನವರು ಬಂದು ಎಣಿಸುವಾಗ ದುರುಗೇಶ ಅವರಿಗೆ ಚಹಾ ತರಿಸುತ್ತ, ಹೊರಗಿನ ಗಿರಾಕಿ ನೋಡುತ್ತ ಇದ್ದುಬಿಡುತ್ತಿದ್ದ. ತಾನೇ ಎಣಿಸುವುದು ಇದೇ ಮೊದಲು. ಮಗಳು ಕಳಿಸಿದ ಖಾನೆಗಳ ಹೆಸರನ್ನು ಮೊಬೈಲಿನಲ್ಲಿ ನೋಡಿ, ಎಣಿಸಿ, ಅಂಕಿ ಒತ್ತಿ ಕಳಿಸಿದ.

ಪದ್ಮಾವತಿಯ ಪರದೆಯ ಮೇಲೆ ಕೆಂಪು ಗೆರೆ ಬಂತು. ಒಂದು ಕಡಿಮೆ. ಕೆಳಗಿನ ಖಾನೆಯದೂ ಕೆಂಪು, ಅದರಲ್ಲೂ ಒಂದು ಕಡಿಮೆ. ವಾರ ಮುಗಿಯುವಷ್ಟರಲ್ಲಿ ಮಸ್ಕಿಯ ಪುಟವೆಲ್ಲ ಕುಂಕುಮ ಚೆಲ್ಲಿದಂತಾಗಿತ್ತು. ದೊಡ್ಡ ಮಾಲಿರಲಿ, ಸಣ್ಣ ಮಾಲಿರಲಿ, ಖಾನೆಗೊಂದು ಇಲ್ಲ.

ಅವಳು ಅಪ್ಪನಿಗೆ ಫೋನ್ ಹಚ್ಚಿದಳು.

"ಯಪ್ಪಾ, ನೋಡಿ ಎಣಿಸಾಕತ್ತೀ ಇಲ್ಲೋ?"

"ಯಾಕ? ನನ್ನ ಕಣ್ಣು ಮಂದಾಗ್ಯಾವ ಅಂತ ತಿಳಿದೇನು? ಮಾರೂ ಮಾಲು ಎಷ್ಟೈತಿ ಅಷ್ಟೂ ಬರದೀನಿ."

'ಒಂದೊಂದು ಕಡಿಮಿ ಬರಾಕತ್ತೈತಿ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎಣಿಸುವವನಿಗೆ ಅಂಕಿ ತಿಳಿಯಬಾರದೆಂದು ಕಟ್ಟು ಹಾಕಿದವಳು ತಾನೇ. ಗುರುಬಸವನಿಗೆ ಹೇಳದ್ದನ್ನು, ಲಾಲ್‌ಸಾಬ್‌ಗೆ ಹೇಳದ್ದನ್ನು ಅಪ್ಪನಿಗೆ ಹೇಳುವುದು ಹೇಗೆ? ಮಾತನ್ನು ನುಂಗಿಕೊಂಡಳು. "ಏನಿಲ್ಲ, ಉಂಡೇನು ಅಂತ ಕೇಳಾಕ ಮಾಡಿದ್ದೆ" ಎಂದಳು.

"ಎಣಿಕಿ ಕೇಳಿ ಊಟ ಅಂತಾಳ" ಎಂದು ನಗುತ್ತ ದುರುಗೇಶ ಫೋನ್ ಇಟ್ಟ.

ಬೆಂಕಿಯನ್ನು ಸೆರಗಿನಲ್ಲಿ ಮುಚ್ಚಿಡಲಾಗುವುದಿಲ್ಲ. ಗುರುಬಸವ ಬಿಲ್ ತೆಗೆಯಲು ಬಂದವನು ಆ ಪುಟ ನೋಡಿದ. ಹೋಗುವಾಗ, "ಬ್ಯಾರೆಯವರಾಗಿದ್ರ ಇಷ್ಟೊತ್ತಿಗೆ ಅಂಗಡಿ ತುಂಬ ಡಂಗುರ ಆಗಿರತಿತ್ತು" ಎಂದು ಗಾಳಿಗೆ ಹೇಳಿ ಹೋದ. ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಟ್ಟು, ಕೆಂಪನ್ನು ಹಸಿರು ಮಾಡುವ ಅಧಿಕಾರ ಪದ್ಮಾವತಿಗೇ ಇತ್ತು. ಒಂದು ಗುಂಡಿ ಒತ್ತಿದರೆ ಆಯಿತು. ಅವಳು ಎದ್ದು ಹೋಗಿ ಶೈಲಜಾಳ ಮುಂದೆ ನಿಂತಳು.

"ಅಕ್ಕಾರ, ಮಸ್ಕಿ ಎಣಿಕಿ ಕೂಡವಲ್ದು. ಎರಡನೇ ಎಣಿಕಿ ಮಾಡಸ್ರಿ. ನಾ ಮಾಡಂಗಿಲ್ಲ, ಒಪ್ಪಿಗೀನೂ ಕೊಡಂಗಿಲ್ಲ. ಎಣಿಸಿದಾವ ನಮ್ಮಪ್ಪ."

ಶೈಲಜಾ ಪರದೆಯ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದಳು. ಸಂಜೆ ಮಾವನವರಿಗೆ ವಿಷಯ ತಿಳಿಸಿದಳು. ಚನ್ನವೀರ ಸಾಹುಕಾರರು ಕೂಗಾಡುವವರಲ್ಲ. "ಮನೀ ಮನಷ್ಯಾ ಅಂತ ಚಾವಿ ಕೊಟ್ಟಿದ್ದೆ" ಎಂದರು. "ಎರಡನೇ ಎಣಿಕಿನೂ ಕಡಿಮಿ ಬಂದ್ರ ಚಾವಿ ಇಸ್ಕೊಂಡು ಬಾರವ್ವ. ಬ್ಯಾರೆ ಏನೂ ಅನಬ್ಯಾಡ." ಮರುದಿನ ಶೈಲಜಾ ಅದನ್ನು ಪದ್ಮಾವತಿಯಿಂದ ಮುಚ್ಚಿಡಲಿಲ್ಲ.

ಆ ರಾತ್ರಿ ಪದ್ಮಾವತಿಗೆ ಅಪ್ಪನ ಉಡಿದಾರದ ಸಪ್ಪಳವೇ ಕಿವಿಯಲ್ಲಿ. ಅಪ್ಪ ಕದ್ದಿಲ್ಲ ಎಂಬುದು ಅವಳಿಗೆ ಹೊತ್ತು ಹುಟ್ಟುವಷ್ಟು ಖಚಿತ. ಆದರೆ ಮಗಳ ಖಾತರಿ ಯಾವ ಖಾನೆಯಲ್ಲಿ ಜಮಾ ಆಗುತ್ತದೆ?

ಮರುದಿನ ಬೆಳಿಗ್ಗೆ ಶೈಲಜಾಳ ಕಾರಿನಲ್ಲಿ ಗುರುಬಸವನೂ ಸೇರಿ ಮೂವರು ಮಸ್ಕಿಗೆ ಬಂದರು. ಗುಡ್ಡದ ನೆರಳು ಇನ್ನೂ ಬಜಾರಿನ ಮೇಲಿತ್ತು. ಎಣಿಸಬೇಕಾದವನು ಗುರುಬಸವ. ಪದ್ಮಾವತಿ ಬಾಗಿಲಿನಲ್ಲೇ ನಿಂತಳು, ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತುಕೊಂಡಳು. ಎದುರಿಗೆ ಚಹಾದ ಅಂಗಡಿಯ ಮೀರಾಬಿ, ಇವಳನ್ನು ಲಂಗ ಹಾಕುವ ಕಾಲದಿಂದ ನೋಡಿದವಳು, ಕಪ್ಪು ಹಿಡಿದುಕೊಂಡು ಬಂದಳು.

"ಯಾಕವ್ವ, ನಿಮ್ಮಪ್ಪನ ಅಂಗಡ್ಯಾಗ ಹೊರಗ ಕುಂತೀ?"

"ಒಳಗ ಎಣಿಕಿ ನಡದೈತಿ ಮೀರಾಬಿ. ನಾ ಅವನ ಮಗಳು, ಅದಕ್ಕ ಒಳಗ ಹೋಗಬಾರದು."

"ಇದ್ಯಾವ ಸೂತಕವ್ವ? ಸತ್ತವ್ರ ಮನೀಗೂ ಮಕ್ಕಳಿಗೆ ಬಾ ಅಂತಾರ" ಎನ್ನುತ್ತ ಮೀರಾಬಿ ಕಪ್ಪು ಕೊಟ್ಟು ಹೋದಳು.

ಒಳಗಿನ ಮಾತೆಲ್ಲ ಹೊರಗೆ ಕೇಳುತ್ತಿತ್ತು. ಗುರುಬಸವ ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ಎಣಿಸುತ್ತ ಬೆಳೆದವನು. ಒಂದು ಎನ್ನುವ ಕಡೆ ಲಾಭ ಎಂದೇ ಶುರು ಮಾಡುವುದು ಅವನ ರೂಢಿ. "ಲಾಭ, ಎರಡು, ಮೂರು..." ಎಂದು ಬೇರಿಂಗುಗಳನ್ನು ಎತ್ತಿ ಎತ್ತಿ ಇಡುತ್ತಿದ್ದ. ಪದ್ಮಾವತಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

"...ಹದಿಮೂರು, ಹದಿನಾಕು" ಎಂದ ಗುರುಬಸವ.

"ಹದಿಮೂರು" ಎಂದ ದುರುಗೇಶ.

"ಹದಿನಾಕು. ತಳದಾಗ ಒಂದು ಐತಲ್ಲ ದುರುಗೇಶಣ್ಣ, ಕಾಗದದಾಗ ಸುತ್ತಿದ್ದು."

"ಅದನ್ನ ಎಣಿಸಬ್ಯಾಡಪ್ಪ. ಅದು ಬೀಜ."

"ಯಾವ ಬೀಜ?" ಎಂದಳು ಶೈಲಜಾ.

"ಖಾನೇದು ಬೀಜರಿ ಅವ್ವಾರ. ಖಾನೆ ತಳ ಬರಿದು ಮಾಡಬಾರದ್ರಿ. ನಮ್ಮಪ್ಪ ಹಗೇವಿನ್ಯಾಗ ಒಂದು ಹಿಡಿ ಬಿಟ್ಟು ಬರತಿದ್ದ. ಚಾವಿ ನನ್ನ ಕೈಗೆ ಬಂದ ದಿನದಿಂದ ನಾನೂ ಎಲ್ಲಾ ಖಾನ್ಯಾಗೂ ಒಂದೊಂದು ಬಿಟ್ಟೀನಿ. ಹಳೇದು ಆದಂಗ ಅದನ್ನ ಮಾರಿ, ಹೊಸ ಮಾಲು ಬಂದಾಗ ಹೊಸದು ಇಡ್ತೀನ್ರಿ. ಅದು ಮಾರಾಟಕ್ಕಿಲ್ಲ ಅಂದ ಮ್ಯಾಲೆ ಎಣಿಕಿಗೆ ಹೆಂಗ ಬರತೈತ್ರಿ?"

ಗುರುಬಸವ ನಗತೊಡಗಿದ. "ಎಲಾ ದುರುಗೇಶಣ್ಣ, ಬೇರಿಂಗ್ ಬಿತ್ತಿ ಬೆಳೀಬೇಕಂತ ಮಾಡೀಯೇನು? ತೆನಿ ಬಂದ್ರ ನನಗೂ ಒಂದೀಟು ಕೊಡು." ಶೈಲಜಾಳೂ ನಕ್ಕಳು. ಖಾನೆಯ ಮೇಲೆ ಖಾನೆ ತೆಗೆದು ಎಣಿಸಿದರು. ಎಲ್ಲದರ ತಳದಲ್ಲೂ ಕಾಗದದಲ್ಲಿ ಸುತ್ತಿದ ಒಂದೊಂದು. ಎಲ್ಲವೂ ಕೂಡಿತು, ಒಂದು ಹಲ್ಲೂ ಮುಕ್ಕಾಗದಂತೆ ಕೂಡಿತು. ಹೊರಗೆ ಪದ್ಮಾವತಿ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. ಗದ್ದೆಪ್ಪನ ಆ ಹಿಡಿ ಜೋಳದ ಕಥೆ ಕೇಳಿಯೇ ಬೆಳೆದವಳು ಅವಳು. ಜೋಳದ ಬೀಜ ಕಬ್ಬಿಣಕ್ಕೆ ಇಳಿದಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಗುರುಬಸವನ ದನಿ ಕೇಳಿತು. "ಈ ಗೂಟಕ್ಕ ಜೋತು ಬಿದ್ದೈತಲ್ಲ ದೊಡ್ಡ ಬೆಲ್ಟು, ಇದೂ ಬೀಜಾನ?"

"ಹೂಂ, ಅದೂನೂ."

ಪದ್ಮಾವತಿ ಎದ್ದು ನಿಂತಳು. ಹೊಸ್ತಿಲು ದಾಟಲಿಲ್ಲ, ಅಲ್ಲಿಂದಲೇ ಕೇಳಿದಳು. "ಯಪ್ಪಾ, ಅದು ಯಾವಾಗಿನಿಂದ ಅಲ್ಲೈತಿ?"

"ದೀಪಾವಳಿ ಹಿಂದಿನಿಂದ ಐತವ್ವ. ಯಾಕ?"

ಜಂಬಣ್ಣ ಹರಿದ ಬೆಲ್ಟು ಹೆಗಲಿಗೆ ಹಾಕಿಕೊಂಡು ಬಂದದ್ದು, ಮಳೆ ಬಂದದ್ದು, ಮೇಜಿನ ಮೇಲೆ ತೆನೆ ಇಟ್ಟು ಹೋದದ್ದು, ಎಲ್ಲವನ್ನೂ ಹೊಸ್ತಿಲಿನಲ್ಲಿ ನಿಂತೇ ಹೇಳಿದಳು. ಗುರುಬಸವನ ನಗೆ ಆರಿತು. ದುರುಗೇಶ ಎಣ್ಣೆಯ ಡಬ್ಬಿಯೊಂದರ ಮೇಲೆ ಮೆಲ್ಲಗೆ ಕುಳಿತ.

"ನೀ ಐತೇನು ಅಂತ ಕೇಳಿದಿ. ನಾ ಇಲ್ಲಂದೆ. ಒಬ್ಬರ ನೆಲ್ಲು ನೆನದು ಹೊಂಟೈತಿ ಅಂತ ನೀ ಹೇಳಲಿಲ್ಲವ್ವ."

"ನಾ ಹೇಳಲಿಲ್ಲ. ನೀ ಕೇಳಲಿಲ್ಲ" ಎಂದಳು ಪದ್ಮಾವತಿ.

ದುರುಗೇಶ ಎದ್ದು ಗೂಟದಿಂದ ಬೆಲ್ಟ್ ಇಳಿಸಿ, ಮೇಲಿನ ಧೂಳನ್ನು ಹೆಗಲ ವಲ್ಲಿಯಿಂದ ಒರೆಸಿ ಮೇಜಿನ ಮೇಲಿಟ್ಟ. "ಅಪ್ಪ ಬಿಟ್ಟ ಜ್ವಾಳ ನೆಲದಾಗ ಮೊಳಕಿ ಬರತಿತ್ತು. ನಾ ಬಿಟ್ಟಿದ್ದು ಜಂಬಣ್ಣನ ತೆನ್ಯಾಗ ಮೊಳಕಿ ಬರಿಸ್ತು" ಎಂದ. ಉಡಿದಾರಕ್ಕೆ ಕೈ ಹಾಕಿ ಚಾವಿ ಗೊಂಚಲು ಬಿಚ್ಚಿ ಶೈಲಜಾಳ ಮುಂದೆ ಬೆಲ್ಟಿನ ಪಕ್ಕಕ್ಕೆ ಇಟ್ಟ. ಅಷ್ಟು ವರ್ಷಗಳಲ್ಲಿ ಅದನ್ನು ಅವನು ತಾನಾಗಿ ಬಿಚ್ಚಿದ್ದು ಅಂದೇ.

ಶೈಲಜಾ ಅದನ್ನು ಎತ್ತಿ ಮತ್ತೆ ಅವನ ಕೈಗೇ ಹಾಕಿದಳು. "ಮಾವಾರು ಹೇಳಿದ್ದು ಎಣಿಕಿ ಕಡಿಮಿ ಬಂದ್ರ ಅಂತ. ಎಣಿಕಿ ಕೂಡೈತಿ. ಕೂಡಿದ ಮ್ಯಾಲೆ ಚಾವಿ ನಿಂದ, ದುರುಗೇಶಣ್ಣ."

"ಹಂಗಾದ್ರ ನಾಳಿ ಒಂದಿನ ರಜಾ ಕೊಡ್ರಿ ಅವ್ವಾರ. ಮುಕ್ಕುಂದಕ್ಕ ಹೋಗಿ ಬರಬೇಕು."

ಮುಕ್ಕುಂದಕ್ಕೆ ಅವನು ಹೋದ. ಜಂಬಣ್ಣ ಎಲ್ಲ ಕೇಳಿ, "ಹೋದದ್ದು ಹೋತು. ಇನ್ನ ಮ್ಯಾಲೆ ಇಲ್ಲ ಅನ್ನೂಕಿಂತ ಮುಂಚೆ ಗೂಟ ನೋಡಪ್ಪ" ಎಂದು ಮಜ್ಜಿಗೆ ಕೊಟ್ಟು ಕಳಿಸಿದನಂತೆ. ಮಸ್ಕಿಯ 'ಬೀಜ'ಗಳೆಲ್ಲ ಕಾಗದ ಬಿಚ್ಚಿ ಮಾರುವ ಮಾಲಿನ ಜೊತೆ ಸೇರಿದವು. ಆದರೂ ದುರುಗೇಶನಿಗೆ ಪೂರ್ತಿ ಬರಿದು ಬಿಡಲು ಕೈ ಬರಲಿಲ್ಲ. ಸಣ್ಣ ಡಬ್ಬಿಯಲ್ಲಿ ಒಂದು ಹಿಡಿ ಜೋಳ ಹಾಕಿ ಮೊದಲ ರ‍್ಯಾಕಿನ ಮೇಲಿಟ್ಟ. ಗುರುಬಸವ ಅದನ್ನು ಕೇಳಿ, "ಇದಕ್ಕೂ ಪಾಳಿ ಐತೇನವ್ವ, ನಾ ಬಂದು ಕಾಳು ಎಣಿಸಬೇಕೇನು?" ಎಂದ. ಡಂಗುರದ ಮಾತು ಆಡಿದ್ದು ಅವನಿಗೂ ಒಳಗೊಳಗೇ ಚುಚ್ಚುತ್ತಿತ್ತು. ಎರಡು ದಿನ ಪದ್ಮಾವತಿಯ ಮೇಜಿಗೆ ಕೇಳದೆಯೇ ಚಹಾ ತರಿಸಿದ.

ಪದ್ಮಾವತಿ ತನ್ನ ಕಟ್ಟುಗಳನ್ನೂ ತಿದ್ದಿದಳು. ಎಣಿಸುವವರ ಮೊಬೈಲಿನಲ್ಲಿ ಖಾನೆಯ ಹೆಸರಿನ ಕೆಳಗೆ 'ತಳದಲ್ಲಿರುವುದೂ ಸೇರಿ' ಎಂಬ ಮಾತು ಬರುವಂತೆ ಮಾಡಿದಳು. ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಮಾಲು ಕೇಳುವಾಗ ಯಾರಿಗೆ ಬೇಕು, ಯಾಕೆ ಬೇಕು ಎಂದೂ ಬರೆಯಬೇಕೆಂದು ಮಾಡಿದಳು. ಆಮೇಲೆ ಮಸ್ಕಿಯ ಆ ವಾರದ ಪುಟ ತೆರೆದಳು. ಪ್ರತಿ ಕೆಂಪು ಗೆರೆಯ ಎದುರಿಗೂ ಕಾರಣ ಬರೆಯುವ ಜಾಗವಿರುತ್ತದೆ. 'ಒಂದು ಬೀಜವೆಂದು ಬಿಟ್ಟು ಎಣಿಸಲಾಗಿದೆ, ಮಾಲು ಪೂರ್ತಿ ಇದೆ' ಎಂದು ಬರೆಯುತ್ತ ಬಂದಳು. ಬೆಲ್ಟಿನ ಎದುರಿಗೆ, 'ಇದ್ದೂ ಇಲ್ಲವೆಂದು ಹೇಳಲಾಗಿದೆ, ಗಿರಾಕಿಗೆ ನಷ್ಟವಾಗಿದೆ' ಎಂದು ಬರೆದಳು.

ಶೈಲಜಾ ಹಿಂದೆ ಬಂದು ನಿಂತಿದ್ದಳು. ಓದಿ, ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು.

"ಇಷ್ಟೆಲ್ಲ ಯಾಕ ಬರೀತೀ ಪದ್ಮಾ? ಆ ವಾರ ಮಸ್ಕಿ ಎಣಿಕಿನ ಆಗಿಲ್ಲ ಅಂತ ಮಾಡಿಬಿಡ್ತೀನಿ. ಅಳಸೂ ಅಧಿಕಾರ ನನಗೈತಿ. ಹೊಸದಾಗಿ ಎಣಿಸಿದ್ದು ಮಾತ್ರ ಇರ್ಲಿ, ಎಲ್ಲಾ ಹಸರು. ನಾಳಿ ಹೊಸ ಆಡಿಟರ್ ಬರ್ತಾನ, ನಮ್ಮ ಮಕ್ಕಳು ಬರ್ತಾರ. ಯಾರರ ತಗದು ನೋಡಿದ್ರ ನಿಮ್ಮಪ್ಪನ ಹೆಸರು ಯಾಕ ಕೆಂಪಾಗಿರಬೇಕು? ಬಾಜೂ ಸರಿ, ನಾ ಮಾಡ್ತೀನಿ."

ಅವಳ ಕೈ ಮೌಸಿನ ಕಡೆ ಬಂತು. ಪದ್ಮಾವತಿ ತನ್ನ ಕೈಯನ್ನು ಅದರ ಮೇಲಿಟ್ಟುಕೊಂಡಳು.

"ಬ್ಯಾಡ್ರಿ ಅಕ್ಕಾರ. ಕೆಂಪು ಅಳಿಸಿದ್ರ, ನಮ್ಮಪ್ಪ ಕದ್ದಿಲ್ಲ ಅನ್ನೂದೂ ಅದರ ಜೋಡಿ ಅಳಿಸಿ ಹೋಗತೈತಿ. ಜಂಬಣ್ಣನ ನೆಲ್ಲೂ ಅಳಿಸಿ ಹೋಗತೈತಿ. ಕೂಡಿದ್ದೂ ಇರ್ಲಿ, ತಪ್ಪಿದ್ದೂ ಇರ್ಲಿ. ನಮ್ಮಜ್ಜಿ ಅಂದಂಗ, ನಾವು ಹೊತ್ತಷ್ಟ ನಮ್ಮ ಸೆರಗಿಗೆ ಹಾಕ್ರಿ."